ಊರ ಹಿರಿಯರ ಕೈಗೆ ಮುನ್ನೂರು ರೂಪಾಯಿ

೧೯೭೪ರ ಬಸವ ಜಯಂತಿಯ ದಿನ ನನ್ನ ಡೈರಿಯಲ್ಲಿ ಹೀಗೆ ಬರೆದಿದೆ: 'ಇಂದು ಸಭೆಯಲ್ಲಿ ಗೆದ್ದೆ. ಖಜಾಂಚಿ ಸಾಹೇಬರು ಚಹಾ ಕುಡಿಯದೆ ಎದ್ದು ಹೋದರು.' ದಾನ ಮಾಡಲು ಹೊರಟವರಿಗೆ ನಗೆಪಾಟಲು ತಪ್ಪಿದ್ದಲ್ಲ. ಉಳಿದವರು ಮರೆಯುತ್ತಾರೆ, ನಾನು ತಾರೀಖು ಹಾಕಿ ಬರೆದಿಡುತ್ತೇನೆ.

ವಿಜಾಪುರದ ನಮ್ಮ ಮಹಿಳಾ ಮಂಡಳಕ್ಕೆ ಅರಳೆ ವ್ಯಾಪಾರಿಯೊಬ್ಬರ ವಿಧವೆ ಒಂದಿಷ್ಟು ಗಂಟು ಬಿಟ್ಟು ಹೋಗಿದ್ದರು. ಅದರ ಬಡ್ಡಿಯಲ್ಲಿ ಹಳ್ಳಿಗಳಲ್ಲಿ ಸಣ್ಣ ಪುಟ್ಟ ಕೆಲಸ ಆಗಬೇಕೆಂದು ಅವರ ಆಸೆ. ಕಾರ್ಯದರ್ಶಿ ನಾನು, ಧಾರವಾಡದ ಬಿ.ಎ. ಆದರೂ ಹೆಂಗಸರಿಗೆ ಲೆಕ್ಕ ತಿಳಿಯುವುದಿಲ್ಲವೆಂದು ತಾಲ್ಲೂಕು ಕಚೇರಿಯ ನಿವೃತ್ತ ಮಾಮಲೇದಾರರೊಬ್ಬರನ್ನು ಖಜಾಂಚಿ ಮಾಡಿದ್ದರು.

"ಊರಿಗೆ ಏನ್ ಬೇಕೋ ಊರವರಿಗೇ ಗೊತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ತಾಲ್ಲೂಕಿಗೊಬ್ಬ ಹಿರಿಯರ ಕೈಗೆ ಮುನ್ನೂರು ಕೊಡೋಣು. ಏನ್ ಮಾಡಬೇಕಂತ ನಾವು ಹೇಳೋದು ಬ್ಯಾಡ," ಎಂದೆ.

"ತಿಂದು ಕೈ ತೊಳಕೊಂತಾರ ಅಕ್ಕಾರ," ಎಂದರು ಖಜಾಂಚಿ.

"ಒಂದ ಊರಾಗ ಹಂಗಾದ್ರೂ ನಾ ಈ ಕೆಲಸ ಬಿಡ್ತೇನಿ!"

ಅವರು ಅದನ್ನು ಸಭೆಯ ಠರಾವಿನಲ್ಲಿಯೇ ಬರೆಸಿಬಿಟ್ಟರು. ಮುಂದಿನ ಬಸವ ಜಯಂತಿಯೊಳಗೆ ನಾಲ್ಕೂ ಕಡೆ ಮುನ್ನೂರೂ ಊರಿಗೇ ಖರ್ಚಾಗಿರಬೇಕು. ಒಂದು ಊರು ತಪ್ಪಿದರೂ ದುಡ್ಡು ಬ್ಯಾಂಕಿಗೆ, ನಾನು ಮನೆಗೆ.

ಮಾನವಂತರ ಪಾತ್ರೆ

ಇಂಡಿ ಕಡೆಯ ಹಿರಿಯರು ನಿಂಬೆ ತೋಟದವರು. ಬಡವರ ಮದುವೆಗೆಂದು ದೊಡ್ಡ ದೊಡ್ಡ ಅಡುಗೆ ಪಾತ್ರೆ ಕೊಂಡು, 'ಬಡವರಿಗೆ ಪುಕ್ಕಟೆ' ಎಂದು ಡಂಗುರ ಹೊಡೆಸಿದರು. ಮೂರು ತಿಂಗಳಾದರೂ ಒಂದು ಸೌಟು ಕೂಡ ಹೊರಗೆ ಹೋಗಲಿಲ್ಲ. ಸಾಲ ಮಾಡಿ ಬಾಡಿಗೆ ಪಾತ್ರೆ ತಂದಾರೇ ಹೊರತು, 'ನಾ ಬಡವ' ಎಂದು ಅವರ ಅಂಗಳಕ್ಕೆ ಬರುವ ಗಂಡಸು ಆ ಊರಲ್ಲಿ ಹುಟ್ಟಿರಲಿಲ್ಲ.

ನಾನು ಗಾಬರಿಬಿದ್ದು ಓಡಿದೆ.

"ಸುಮ್ನ ಕುಂದರ್ರಿ ಅಕ್ಕಾರ," ಎಂದವರೇ ಮತ್ತೊಂದು ಡಂಗುರ ಹೊಡೆಸಿದರು: 'ಇನ್ನ ಮ್ಯಾಲೆ ಈ ಪಾತ್ರೆ ಮಾನವಂತರ ಮನಿಗಿ ಅಷ್ಟ. ಕಂಡಕಂಡವರಿಗಿ ಕೊಡಂಗಿಲ್ಲ!'

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬರದು ಮದುವೆ, ಒಬ್ಬರದು ತೊಟ್ಟಿಲು. ಹಿಂದೆ ನಿಂತಿದ್ದ ಒಬ್ಬನನ್ನು ಹಿರಿಯರು ಕೇಳಿದರು, "ನಿಮ್ಮನ್ಯಾಗ ಏನ್ ಕಾರ್ಯ ಐತೋ?"

"ಏನೂ ಇಲ್ರಿ. ಒಂದ್ ದಿನ ನಮ್ಮ ಅಂಗಳದಾಗ ಇಟ್ಟಿರ್ತೇನಿ. ಮಂದಿ ನೋಡ್ಲಿ."

ಪುರಾವೆ

ಸಿಂದಗಿಯ ಹಿರಿಯಳು ಬಸ್ ಸ್ಟ್ಯಾಂಡ್ ಹತ್ತಿರ ಖಾನಾವಳಿ ನಡೆಸುವ ಅಜ್ಜಿ. ಅವಳ ರೊಟ್ಟಿಗೂ ಬಾಯಿಗೂ ಊರೇ ಅಂಜುತ್ತಿತ್ತು. ಗಂಡ ಸತ್ತ ನಾಲ್ವರು ಹೆಣ್ಣುಮಕ್ಕಳಿಗೆ ಒಂದೊಂದು ಆಡು ಕೊಡಿಸಿದಳು. 'ಖರ್ಚಿಗೆ ಪುರಾವೆ ತಂದು ತೋರಿಸತಕ್ಕದ್ದು' ಎಂದು ಖಜಾಂಚಿಯವರು ಪತ್ರ ಬರೆದರು.

ಪುರಾವೆ ಬಂತು. ನಾಲ್ಕೂ ಕಾಲಿನಲ್ಲಿ, ವಿಜಾಪುರದ ಬಸ್ಸಿನಲ್ಲಿ. ಕಂಡಕ್ಟರ್ ಆಡಿಗೆ ಅರ್ಧ ಟಿಕೀಟು ಹರಿದಿದ್ದನಂತೆ. ಅಜ್ಜಿ ನಾಲ್ಕನ್ನೂ ಹೊಡೆದುಕೊಂಡು ನೇರ ಖಜಾಂಚಿಯವರ ಅಂಗಳಕ್ಕೆ ಹೋದಳು. ಅವರು ಹೊರಗೆ ಬರುವಷ್ಟರಲ್ಲಿ ಒಂದು ತುಳಸಿ ಮುಗಿಸಿತ್ತು, ಇನ್ನೊಂದು ಒಣಹಾಕಿದ ಧೋತರದ ಅಂಚಿಗೆ ಬಾಯಿ ಹಾಕಿತ್ತು.

"ಏನಬೇ ಇದು?"

"ಪುರಾವೆರಿ ಸಾಹೇಬ್ರ. ಎಣಿಸ್ಕೋರಿ. ಆ ಕರೇದು ಗಬ್ಬ ಐತಿ, ಮುಂದಿನ ವರ್ಷದ ಪುರಾವೆನೂ ಅದರ ಹೊಟ್ಟ್ಯಾಗ ಐತ್ರಿ."

ಯುಗಾದಿ ಬಿಸಿಲಿನ ಕಂಬಳಿ

ಮುದ್ದೇಬಿಹಾಳ ಕಡೆಯ ಹಿರಿಯರು ಕಿರಾಣಿ ಅಂಗಡಿಯ ಅಜ್ಜ. ಅವರಷ್ಟು ಪ್ರಾಮಾಣಿಕರು ಜಿಲ್ಲೆಯಲ್ಲಿ ಇರಲಿಲ್ಲ, ನನಗೆ ಕುತ್ತು ಬಂದದ್ದೂ ಅದರಿಂದಲೇ. ಯುಗಾದಿಯ ಹೊತ್ತಿಗೆ ಹೋಗಿ ನೋಡಿದರೆ ಮುನ್ನೂರು ರೂಪಾಯಿ ದೇವರ ಜಗಲಿಯ ಮೇಲೆ ಬಟ್ಟೆಯಲ್ಲಿ ಕಟ್ಟಿ ಇಟ್ಟಂತೆಯೇ ಇತ್ತು. ದಿನಾಲೂ ವಿಭೂತಿ ಹಚ್ಚಿ ಆ ಬಟ್ಟೆಯ ಬಣ್ಣವೇ ಹೋಗಿತ್ತು.

"ದಾನದ ರೊಕ್ಕರಿ, ಮುಟ್ಟಾಕ ಅಂಜಿಕಿ ಬರತೈತಿ. ಒಂದ್ ಪೈಸೆ ಕೆಡಿಸಿಲ್ಲ ನೋಡ್ರಿ!"

"ಕೆಡಸ್ರಿ ಅಜ್ಜಾರ! ಲಗೂ ಕೆಡಸ್ರಿ! ಇಲ್ಲಂದ್ರ ನನ್ನ ಕೆಲಸ ಹೋಗತೈತಿ!"

ಎಂಟು ದಿನ ಬಿಟ್ಟು ಕರೆ ಬಂತು. ಹೋದೆ. ನೆಲ ಕಾದು ಹಂಚಾಗಿತ್ತು. ಬೇವಿನ ಮರದ ಕೆಳಗೆ ಊರಿನ ಮುದುಕ ಮುದುಕಿಯರೆಲ್ಲ ಹೊಸ ಕರಿ ಕಂಬಳಿ ಹೊದ್ದು ಸಾಲಾಗಿ ಕುಳಿತಿದ್ದರು. ಮುಖದ ಮೇಲೆ ಬೆವರು ಧಾರಾಕಾರ.

"ಇಂಥಾ ಬಿಸಲಾಗ ಕಂಬಳಿ ಏನ್ರಿ ಅಜ್ಜಾರ?"

"ಥಂಡ್ಯಾಗ ತುಟ್ಟಿ ಅಕ್ಕಾರ. ಈಗ ಕೇಳವರ ಇಲ್ಲ, ಅರ್ಧಾ ರೇಟಿಗೆ ಸಿಕ್ಕಾವು!"

ನಾನು ಎದ್ದು ಭಾಷಣ ಶುರು ಮಾಡಿದೆ. ಮುಂದಿನ ಸಾಲಿನ ಮುದುಕಿ ಕೈ ಮುಗಿದಳು. "ಲಗೂ ಮುಗಸ ಯವ್ವಾ. ನೀ ಹೋದ ಮ್ಯಾಲ ತಗೀರಿ ಅಂದಾರ."

ಲಾರಿ ತುಂಬ ಆಹೇರಿ

ಬಾಗೇವಾಡಿ ಕಡೆಯ ಗೌಡರದು ಮಾತ್ರ ಯಾವ ತಂಟೆಯೂ ಇಲ್ಲದ ಕೆಲಸ. ದೀಪಾವಳಿಯೊಳಗೇ ದನ ನೀರು ಕುಡಿಯಲು ಕಲ್ಲಿನ ಬಾನಿ ಕಟ್ಟಿಸಿದ್ದರು. ಖಜಾಂಚಿಯವರು ಗೌಡರಿಗೂ ತಿಳಿಸದೆ ಹೋಗಿ ಕೋಲಿನಿಂದ ಬಡಿದು ನೋಡಿ ಬಂದರೂ ಒಂದು ಬಿರುಕು ಸಿಗಲಿಲ್ಲ. ನಾಲ್ಕೂ ಊರು ಸುರಳೀತವಾಯಿತೆಂದು ನಾನು ಹಾಯಾಗಿದ್ದೆ.

ಲೆಕ್ಕದ ಸಭೆಗೆ ಇನ್ನು ಕೆಲವೇ ದಿನ ಇರುವಾಗ ನನ್ನ ಹಿರಿಯ ಮಗನ ಮದುವೆ. ಗೌಡರಿಗೂ ಒಂದು ಕಾಗದ ಹಾಕಿದ್ದೆ. ಅಕ್ಷತೆಯ ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಕೂಡುವ ಹೊತ್ತಿಗೆ ಮನೆ ಮುಂದೆ ಅರಳೆ ಸಾಗಿಸುವ ಲಾರಿಯೊಂದು ಬಂದು ನಿಂತಿತು. ಹಿಂದಿನ ಹಲಗೆ ತೆರೆದರೆ ಒಳಗೆ ಊರಿಗೆ ಊರೇ! ಗಂಡಸರು, ಹೆಂಗಸರು, ಹಲಗಿ ಬಾರಿಸುವವರು. ನನ್ನ ಬೀಗರು ದಂಗಾಗಿ ನೋಡಿದರು.

ಗೌಡರು ತಟ್ಟೆಯಲ್ಲಿ ಕಾಯಿ, ಕುಬಸದ ಖಣ, ನೋಟು ಇಟ್ಟು ಮಂಟಪದಲ್ಲಿ ಗಟ್ಟಿಯಾಗಿ ಹೇಳಿದರು, "ಅಕ್ಕಾರು ನಮ್ಮೂರಿಗಿ ಮುನ್ನೂರು ಹಾಕಿದ್ರು. ಇದು ಮುನ್ನೂರ ಒಂದು. ನಮ್ಮೂರು ಇವತ್ತಿನ ತನಕ ಯಾರ ಆಹೇರಿನೂ ಇಟ್ಟುಕೊಂಡಿಲ್ಲ!"

ನಮ್ಮ ಕಡೆ ಮದುವೆಯಲ್ಲಿ ಕೊಟ್ಟ ಉಡುಗೊರೆಯೇ ಆಹೇರಿ. ಒಬ್ಬರು ಹಾಕಿದರೆ ಅವರ ಮನೆಯ ಮದುವೆಗೆ ಒಂದು ಕೈ ಮೇಲಾಗಿ ತೀರಿಸಬೇಕು. ಗೌಡರು ಮಂಡಳದ ದಾನವನ್ನು ಆ ಲೆಕ್ಕಕ್ಕೆ ಸೇರಿಸಿದ್ದರು.

ಖಜಾಂಚಿಯವರು ಬುಂದೆ ಲಾಡು ಕೈಯಲ್ಲಿ ಹಿಡಿದೇ ಎದ್ದು ಬಂದರು. ಅಷ್ಟು ಚಂದ ನಕ್ಕದ್ದನ್ನು ನಾನು ಹಿಂದೆ ನೋಡಿರಲಿಲ್ಲ. "ರೊಕ್ಕ ವಾಪಸ್ ಬಂತಲ್ರಿ ಅಕ್ಕಾರ! ಊರಿಗಿ ಖರ್ಚಾಗಲಿಲ್ಲ. ಠರಾವು ನೆನಪೈತಿಲ್ಲೋ?"

ತೆಗೆದುಕೊಂಡರೆ ಕಾರ್ಯದರ್ಶಿ ಪದವಿ ಹೋಗುತ್ತಿತ್ತು. ಬೇಡವೆಂದರೆ ಲಾರಿ ತುಂಬ ಬಂದ ಊರಿನ ಮಾನ ಹೋಗುತ್ತಿತ್ತು. ನಾನು ತಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡೆ.

"ಈ ಸಾಹೇಬ್ರು ಯಾರ್ರಿ?" ಗೌಡರು ಕೇಳಿದರು.

"ನಮ್ಮ ಖಜಾಂಚಿ. ಆ ಮುನ್ನೂರು ಎಣಿಸಿ ನನಗ ಕೊಟ್ಟ ಕೈ ಇವರದ ನೋಡ್ರಿ ಗೌಡ್ರ."

ಗೌಡರು ಎದೆ ಮುಟ್ಟಿಕೊಂಡರು. "ಯಪ್ಪಾ! ಹಂಗಾದ್ರ ಇವರದೂ ನಮ್ಮ ಮ್ಯಾಲೆ ಐತಲ್ರಿ! ಸಾಹೇಬ್ರ, ನಿಮ್ಮನ್ಯಾಗ ಮದುವಿ ಯಾವಾಗರಿ?"

ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಮೂರು ಹೆಣ್ಣುಮಕ್ಕಳು ಅದಾರ್ರಿ. ಮೊದಲನೇ ಮದುವಿ ಮುಂದಿನ ತಿಂಗಳ."

"ಮೂರಕ್ಕೂ ಬರ್ತೇವಿ!" ಎಂದರು ಗೌಡರು. ಪಂಕ್ತಿಯಲ್ಲಿ ಮೂರನೇ ಸಲ ಹುಗ್ಗಿ ಹಾಕಿಸಿಕೊಳ್ಳುತ್ತಿದ್ದ ಊರು "ಹೌದೌದು!" ಎಂದಿತು. ಖಜಾಂಚಿಯವರು ಆ ಪಂಕ್ತಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಮೆಲ್ಲಗೆ ಕುಳಿತರು.

ಸಭೆಯಲ್ಲಿ ಅವರೇ ಎದ್ದು ಓದಿದರು: 'ನಾಲ್ಕೂ ಊರಲ್ಲಿ ಮುನ್ನೂರೂ ಊರಿಗೇ ಖರ್ಚಾಗಿದೆ. ಬಾಗೇವಾಡಿಯ ಆಹೇರಿ ಕಾರ್ಯದರ್ಶಿಯವರ ಮನೆಯ ಖಾಸಗಿ ವಿಷಯ. ಅದಕ್ಕೂ ಖಜಾಂಚಿಯವರಿಗೂ, ಅವರ ಹೆಣ್ಣುಮಕ್ಕಳಿಗೂ ಯಾವ ಸಂಬಂಧವೂ ಇರುವುದಿಲ್ಲ.'

ಒಟ್ಟು ತಗುಲಿದ್ದು ಇಷ್ಟು: ಮಂಡಳಕ್ಕೆ ಸಾವಿರದ ಇನ್ನೂರು. ನನಗೆ, ಎರಡನೇ ಸಲ ಹುಗ್ಗಿಗೆ ಹಾಕಿಸಿದ ಗೋಧಿ, ಬೆಲ್ಲ, ತುಪ್ಪ ಮತ್ತು ಲಾರಿ ತಿರುಗಿ ಹೋಗಲು ನಾನು ಹಾಕಿಸಿದ ಡೀಸೆಲ್ಲು ಸೇರಿ ಐನೂರ ಹದಿನೆಂಟು. ಅದರಲ್ಲಿ ಬಂದ ಮುನ್ನೂರ ಒಂದು ಕಳೆದರೆ ಇನ್ನೂರ ಹದಿನೇಳು. ಮರುವರ್ಷ ಗೌಡರ ಮಗಳ ಮದುವೆಗೆ ನಾನು ಒಯ್ದ ಆಹೇರಿ ಮುನ್ನೂರ ಎರಡು.