ಅಣೆಕಟ್ಟಿನ ಮೇಲೆ ಎರಡು ಗಿಳಿ

ಎಲ್ಲ ಅನಾಹುತಕ್ಕೂ ಕಾರಣ ಬೆಳಿಗ್ಗೆ ಬಂದ ಒಂದು ಫೋನು.

‘ನಮ್ಮ ಭಾಗದ ಸುದ್ದಿಗೆ ಮೊದಲ ಸಲ ಬಣ್ಣ ತಂದವರು ನೀವ ಅಂತ ಕೇಳೀವ್ರಿ. ಸಂಜಿ ನಾಲ್ಕಕ್ಕ ಕೊಪ್ಪಳದಾಗ ಸನ್ಮಾನ ಐತಿ. ಆ ಫೋಟೋದ ಅಸಲಿ ಪ್ರಿಂಟ್ ತರ್ರಿ, ಪರೀಕ್ಷಾ ಮಾಡೋರು ಬರ್ತಾರ.’

ಮುನಿರಾಬಾದಿನ ಹಳೆಯ ಪತ್ರಿಕಾ ಫೋಟೋಗ್ರಾಫರ್ ಅಂದಪ್ಪ ಎಪ್ಪತ್ತು ವರ್ಷ ಬದುಕಿದ್ದೇ ಇದಕ್ಕಾಗಿ. ಉಳಿದ ಪತ್ರಿಕೆಯವರೆಲ್ಲ ಕಪ್ಪು ಬಿಳುಪಿನಲ್ಲಿ ಮಂತ್ರಿಗಳ ಕೊರಳಿನ ಹಾರದ ಫೋಟೋ ತೆಗೆಯುತ್ತಿದ್ದ ಕಾಲದಲ್ಲಿ ಈ ಮಹರಾಯ ಕಲರ್ ರೋಲು ಹಾಕಿಕೊಂಡು ಅಣೆಕಟ್ಟಿನ ಗೇಟು ತೆರೆಯುವ ಮುಂಜಾನೆಗಾಗಿ ಕಾದು ಕೂತಿದ್ದ. ನೀರು ಹೊಗೆಯಾಗಿ ಎದ್ದಿತು, ಹೊಗೆಯಲ್ಲಿ ಕಾಮನಬಿಲ್ಲು ಮೂಡಿತು, ಅದರ ಕೆಳಗೆ ಕೆಂಪು ಸೀರೆಯ ಹೆಂಗಸೊಬ್ಬಳು ಬುತ್ತಿ ಹೊತ್ತು ನಡೆದಳು. ಒಂದೇ ಕ್ಲಿಕ್ಕು. ಊಟದ ನಡುವೆ ಈಗಲೂ ಆ ಕೆಂಪು ನೆನಪಾಗುತ್ತದೆ, ಸಾರು ತಣ್ಣಗಾಗುತ್ತದೆ.

ಗೋಡೆಯಿಂದ ಫೋಟೋ ಇಳಿಸಿ ನೋಡಿದ. ಮೂವತ್ತೈದು ವರ್ಷ ಕಿಟಕಿಯ ಬಿಸಿಲು ಬಿದ್ದು ಪ್ರಿಂಟು ಅಕ್ಕಿ ತೊಳೆದ ನೀರಿನಂತಾಗಿತ್ತು. ದಿನವೂ ಅದರ ಮುಂದೆಯೇ ಕೂತರೂ ಅವನು ನೋಡುತ್ತಿದ್ದದ್ದು ಕಣ್ಣೊಳಗಿನ ಫೋಟೋವನ್ನು. ನೆಗೆಟಿವಿಗೆ ಬೂಷ್ಟು ಹಿಡಿದಿತ್ತು. ಅಚ್ಚು ಹಾಕಿದ ಪತ್ರಿಕೆ ಎಂದೋ ಮುಚ್ಚಿಹೋಗಿತ್ತು.

‘ಇದನ್ನ ಒಯ್ದರ ಯಾರು ನಂಬ್ತಾರ?’ ಎಂದು ಹೆಂಡತಿ ಶೇಖರಮ್ಮನ ಮುಂದೆ ಹಲುಬಿದ. ‘ಮೊದಲನೇ ಕಲರ್ ಅಂದ್ರ ಅಂದಪ್ಪ ಅನ್ನೋ ಹೆಸರು ಇವತ್ತಿಗೆ ಮುಗೀತು.’

ಪಕ್ಕದ ಮನೆಯ ಮುದಕಮ್ಮನಿಗೆ ಕೇಳಿಸದ ಮಾತು ಆ ಓಣಿಯಲ್ಲಿ ಹುಟ್ಟಿಯೇ ಇಲ್ಲ. ಅವಳ ತವರು ಕಿನ್ನಾಳ. ಮರದ ಗೊಂಬೆಗಳಿಗೆ ಬಣ್ಣ ಹಚ್ಚುತ್ತಲೇ ಬೆಳೆದವಳು.

‘ಅಂದಪ್ಪಣ್ಣ, ಇಷ್ಟಕ್ಕ ಯಾಕ ಚಿಂತಿ ಮಾಡ್ತೀರಿ? ಉಂಡು ಒಂದೀಟು ಮಲಕೋರ್ರಿ’ ಎಂದಳು.

ಅಂದಪ್ಪ ಮಲಗಿದ. ಕನಸಿನಲ್ಲಿ ಕಾಮನಬಿಲ್ಲು ವಿರೂಪಾಪುರಗಡ್ಡೆಯ ಭತ್ತದ ಗದ್ದೆ ದಾಟಿ, ಹೊಳೆ ದಾಟಿ ಬಂದು ಅವನ ಹಾಸಿಗೆಯ ತುದಿಗೆ ಕೂತಿತು. ಅದರ ಸಂಗಡ ಮಾತಾಡುತ್ತ ಎರಡೂವರೆ ಆದದ್ದೇ ತಿಳಿಯಲಿಲ್ಲ.

ಎದ್ದು ನೋಡಿದರೆ ಮೇಜಿನ ಮೇಲೆ ಫೋಟೋ ಧಗಧಗ ಹೊಳೆಯುತ್ತಿತ್ತು. ಸೀರೆ ಕುಂಕುಮದ ಬಣ್ಣ, ನೀರು ನವಿಲಿನ ಬಣ್ಣ, ಕಾಮನಬಿಲ್ಲಿಗೆ ಒಂಬತ್ತು ಬಣ್ಣ. ಅಣೆಕಟ್ಟಿನ ಮೇಲೆ ಎರಡು ಹಸಿರು ಗಿಳಿ.

‘ಈ ಗಿಳಿ ಎಲ್ಲಿಂದ ಬಂದ್ವು ತಂಗಿ?’ ಕುಂಚ ತೊಳೆಯುತ್ತಿದ್ದ ಮುದಕಮ್ಮನನ್ನು ಅಂದಪ್ಪ ಕೇಳಿದ.

‘ಆಕಾಶ ಬರೇ ಬೋಳು ಕಾಣತಿತ್ರಿ’ ಎಂದಳು ಮುದಕಮ್ಮ.

ಒರೆಸೋಣವೆಂದರೆ ಬಣ್ಣ ಒಣಗಿ ಕೂತಿದೆ. ಬಸ್ಸಿಗೆ ಬೇರೆ ಹೊತ್ತಾಗಿತ್ತು. ಅಂದಪ್ಪ ಫೋಟೋ ಕಟ್ಟಿಕೊಂಡು, ರೂಢಿಯಂತೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟ. ತನ್ನ ಕೈಕೆಲಸವನ್ನು ಜನ ನೋಡುವುದನ್ನು ತಾನೂ ನೋಡಬೇಕೆಂದು ಮುದಕಮ್ಮ ರೇಷ್ಮೆ ಸೀರೆ ಉಟ್ಟು ಅದೇ ಬಸ್ಸು ಹತ್ತಿದಳು.

ಕೊಪ್ಪಳದಲ್ಲಿ ಪರೀಕ್ಷೆಗೆ ಬಂದಿದ್ದ ಮೇಡಂ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

‘ಇದು ಕಲರ್ ಫೋಟೋ ಅಲ್ರಿ. ಕಪ್ಪು ಬಿಳುಪಿನ ಫೋಟೋಕ್ಕ ಕೈಲೆ ಬಣ್ಣ ಹಚ್ಚ್ಯಾರ.’

‘ಮೊದಲು ಕಲರ್ ಇತ್ರಿ ಮೇಡಂ, ದೇವರಾಣಿ.’

‘ಕಲರ್ ಇದ್ದಿದ್ದರ ಮತ್ತ ಬಣ್ಣ ಯಾಕ ಹಚ್ಚಿದ್ರಿ?’

ಪ್ರಶ್ನೆ ನ್ಯಾಯವಾದದ್ದೇ. ಅಂದಪ್ಪನ ಕಣ್ಣು ತುಂಬಿ ಬಂದವು.

ಮೇಡಂ ಅವರ ಭೂತಗನ್ನಡಿ ಅಣೆಕಟ್ಟಿನ ಮೇಲೆ ನಿಂತಿತು. ‘ಗಿಳಿ ಭಾಳ ಛಲೋ ಬಂದಾವು. ಇಂಥಾ ಕೈ ಈಗ ಎಲ್ಲಿ ಐತ್ರಿ? ಬರೆದವರು ಯಾರು?’

ಮುದಕಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

ಶಾಲು, ಹಣ್ಣಿನ ಬುಟ್ಟಿ, ಫಲಕ ಎಲ್ಲವೂ ಅವಳ ಪಾಲಾದವು. ಸಂಘಟಕರು ಅಂದಪ್ಪನತ್ತ ತಿರುಗಿ, ‘ಕ್ಯಾಮೆರಾ ತಂದೀರಲ್ರಿ, ನೀವ ಒಂದು ಫೋಟೋ ಹೊಡದುಬಿಡ್ರಿ’ ಎಂದರು.

ಅಂದಪ್ಪ ಕಣ್ಣೊರೆಸಿಕೊಂಡು ಕ್ಯಾಮೆರಾ ಎತ್ತಿದ. ಅವನ ಮುಖ ನೋಡಿ ಮುದಕಮ್ಮನಿಗೆ ಅಯ್ಯೋ ಎನಿಸಿತು.

‘ಹೆದರಬ್ಯಾಡ್ರಿ ಅಣ್ಣ, ಆರಾಮ ಹೊಡೀರಿ’ ಎಂದಳು. ‘ಬಣ್ಣ ಏನರ ಕಮ್ಮಿ ಬಿದ್ದರ ಮನಿಗೆ ಹೋಗಿ ನಾ ಹಚ್ಚಿ ಕೊಡ್ತೀನಿ.’