ಟಗರಿನ ಕಥೆಗೆ ಒಂದು ಬಟ್ಟಲು ಗಂಜಿ

ಕಷ್ಟ ಬಂದಾಗ ಜನ ದೇವರನ್ನು ನೆನೆಯುತ್ತಾರೆ. ನಾನು ಉಂಡ ಊಟಗಳನ್ನು, ಈಜಿದ ಬಾವಿಗಳನ್ನು ನೆನೆಯುತ್ತೇನೆ. ಹೇಳಿಕೊಳ್ಳಲು ನಾಚಿಕೆಯಾಗಬೇಕಾದ ಮಾತು, ಆದರೆ ನನಗೆ ಆಗುವುದಿಲ್ಲ. ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿ ಜೋಡಿಸಿಡುವ ಹಾಗೆ ನನ್ನ ಒಳ್ಳೆಯ ದಿನಗಳನ್ನೆಲ್ಲ ತಲೆಯಲ್ಲಿ ಜೋಡಿಸಿಟ್ಟುಕೊಂಡವನು ನಾನು. ಸಂಕಟದ ಹೊತ್ತಿನಲ್ಲಿ ಒಂದರ ಮುಚ್ಚಳ ತೆಗೆದರೆ ಸಾಕು. ಪಾವಗಡದ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, ಬೇಸಿಗೆಯಲ್ಲಿ ಕೂತ ಕುರ್ಚಿಯೇ ಕಾದ ಹೆಂಚಾಗುತ್ತಿದ್ದ ಕಾಲದಲ್ಲಿ, ನಾನು ಮನಸ್ಸಿನಲ್ಲೇ ನಮ್ಮೂರು ಕೊರಟಗೆರೆಯ ಬಾವಿಯೊಂದರಲ್ಲಿ ಈಜು ಹೊಡೆಯುತ್ತ ತಣ್ಣಗಿರುತ್ತಿದ್ದೆ. "ಏನ್ರೀ ಇದು, ಕಣ್ಣು ಬಿಟ್ಕೊಂಡೇ ನಿದ್ದೆ ಹೊಡೀತೀರಲ್ಲ!" ಎಂದು ಸಾಹೇಬರು ಗದರಿದರೆ ಇನ್ನೊಂದು ಸಲ ಮುಳುಗು ಹಾಕುತ್ತಿದ್ದೆ.

ಈ ವಿದ್ಯೆ ಎಲ್ಲ ಕಡೆಯೂ ನಡೆಯುತ್ತದೆ ಎಂದೇನಿಲ್ಲ. ಒಮ್ಮೆ ಶಿರಾದಲ್ಲಿ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದೆ. ಹಲ್ಲು ಕೀಳುವ ಸಾಬರು ವಯಸ್ಸಾದವರು, ಕೈ ಗುಣ ಒಳ್ಳೆಯದು ಎಂದು ಊರೆಲ್ಲ ಹೊಗಳುತ್ತಿತ್ತು. ಇಕ್ಕಳ ಕಂಡ ಕೂಡಲೇ ನನಗೆ ಜೀವ ಹೋದಂತಾಗಿ, ಅದೇ ಊರಿನ ಗೆಳೆಯನೊಬ್ಬನ ಮದುವೆಯಲ್ಲಿ ತಿಂದ ಬಿರಿಯಾನಿಯನ್ನು ನೆನೆಸಿಕೊಂಡೆ. ಒಂದೊಂದೇ ತುತ್ತು ನೆನೆಯುತ್ತ ಹೋದೆ. ಒಂದು ದೊಡ್ಡ ತುಂಡು ಬಾಯಿಗೆ ಬಂದ ಘಟ್ಟದಲ್ಲಿ ನನ್ನ ದವಡೆ ತಾನಾಗಿಯೇ ಮುಚ್ಚಿಕೊಂಡಿತು. ಒಳಗಿದ್ದದ್ದು ಸಾಬರ ಬೆರಳು. "ಅರೇ ಅಲ್ಲಾ! ಹಲ್ಲು ಕೀಳ್ಸೋಕೆ ಬಂದು ನನ್ ಬೆರಳೇ ಕೀಳ್ತೀರಲ್ಲ ಸಾಬ್!" ಎಂದು ಅವರು ಕುಣಿದಾಡಿಬಿಟ್ಟರು. ಆಮೇಲೆ ಹಲ್ಲನ್ನು ಸ್ವಲ್ಪ ಸಿಟ್ಟಿನಿಂದಲೇ ಕಿತ್ತರು.

ಇಷ್ಟಾದರೂ ನನ್ನ ವಿದ್ಯೆಯ ಮೇಲೆ ನನಗೆ ನಂಬಿಕೆ ಹೋಗಿರಲಿಲ್ಲ. ಅದು ಅಲುಗಾಡಿದ್ದು ಮಧುಗಿರಿಗೆ ವರ್ಗವಾಗಿ ಬಂದ ಮೇಲೆ, ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ. ಬೆಟ್ಟದ ಬುಡದಲ್ಲೊಂದು ಬಾಡಿಗೆ ಮನೆ ಮಾಡಿದ್ದೆವು. ನನ್ನ ಹೆಂಡತಿ ಈರಕ್ಕನಿಗೆ ಟೈಫಾಯಿಡ್ ಬಂತು. ಬಂದ ಜ್ವರ ವಾರಗಟ್ಟಲೆ ಕೂತು, ಅವಳನ್ನು ಹಿಂಡಿ ಹಾಕಿ, ಕೊನೆಗೊಂದು ದಿನ ಇಳಿಯಿತು. ಜ್ವರ ಹೋದರೂ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದವಳು ಇತ್ತ ತಿರುಗಲಿಲ್ಲ. ಗಂಜಿ ತಂದರೆ ಬೇಡ, ಹಾಲು ತಂದರೆ ಬೇಡ, ಬ್ರೆಡ್ಡು ತಂದರೆ ಅದರ ವಾಸನೆಯೂ ಬೇಡ. ಡಾಕ್ಟರು ನನ್ನನ್ನು ಬಾಗಿಲ ಹೊರಗೆ ಕರೆದು, "ನೋಡಿ, ನನ್ನ ಔಷಧಿ ಮುಗೀತು. ಇನ್ನು ಹೊಟ್ಟೆಗೆ ಏನಾದ್ರೂ ಬೀಳ್ಬೇಕು. ಹೀಗೇ ಬಿಟ್ರೆ ಜ್ವರ ಮರುಕಳಿಸುತ್ತೆ, ಈ ಸಲ ದೇಹ ತಡೆಯೋಲ್ಲ. ಹೇಗಾದ್ರೂ ಮಾಡಿ ಮನಸ್ಸು ಗೆಲುವಾಗಿಡಿ" ಎಂದರು. ನನಗೆ ನಿಜವಾಗಿ ಹೆದರಿಕೆಯಾಯಿತು. ಕೊರಟಗೆರೆಯ ಬಾವಿ ನೆನೆಸಿಕೊಳ್ಳಲು ಹೋದರೆ ಅದರಲ್ಲಿ ನೀರೇ ಇರಲಿಲ್ಲ.

ಸರಿ, ನನ್ನ ಜಾಡಿಗಳನ್ನು ಅವಳಿಗಾದರೂ ಬಿಚ್ಚೋಣ ಎಂದುಕೊಂಡೆ. ಹಾಸಿಗೆಯ ಪಕ್ಕ ಗಂಜಿ ಬಟ್ಟಲು ಹಿಡಿದು ಕೂತು, "ಪಾವಗಡದ ಮನೆಯಲ್ಲಿ ಮಹಡಿ ಮೇಲೆ ಬೆಳದಿಂಗಳ ಊಟ ಮಾಡಿದ್ವಲ್ಲ, ನೆನಪಿದೆಯಾ? ಎಂಥಾ ಗಾಳಿ, ಎಂಥಾ ಚಿತ್ರಾನ್ನ!" ಎಂದೆ. ಗೋಡೆಯ ಕಡೆಯಿಂದ ಸಣ್ಣ ದನಿ ಬಂತು: "ನಿಮ್ ಆಫೀಸಿನೋರೆಲ್ಲ ಬಂದಿದ್ರು. ನೀರು, ಪಾತ್ರೆ ಎಲ್ಲಾ ಮೇಲಕ್ಕೆ ಹೊತ್ತೋಳು ನಾನು. ಚಿತ್ರಾನ್ನ ನನ್ಗೆಲ್ಲಿ ಉಳೀತು?" ನಾನು ತಡಬಡಿಸಿ ಇನ್ನೊಂದು ಜಾಡಿ ತೆಗೆದೆ. "ಹೋಗ್ಲಿ, ಮದುವೆಯಾದ ಹೊಸದರಲ್ಲಿ ಇದೇ ಮಧುಗಿರಿ ಬೆಟ್ಟ ಹತ್ತಿದ್ದು? ಮೇಲಿಂದ ಊರು ಹೆಂಗೆ ಕಾಣ್ತಿತ್ತು!" "ನಾನೆಲ್ಲಿ ಮೇಲಕ್ಕೆ ಬಂದೆ? ಅರ್ಧದಲ್ಲೇ ಚಪ್ಪಲಿ ಕಿತ್ತೋಗಿ ಬಂಡೆ ಮೇಲೆ ಕೂತಿದ್ದೆ. ನೀವು ಮೇಲಿಂದ ಕೈ ಬೀಸ್ತಿದ್ರಿ." ಇಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ಬಂತು. ನನ್ನ ಸುಖದ ದಿನಗಳಲ್ಲೆಲ್ಲ ಇವಳು ಒಂದೋ ಪಾತ್ರೆ ಹೊರುತ್ತಿದ್ದಳು, ಇಲ್ಲವೇ ಬಂಡೆಯ ಮೇಲೆ ಕೂತಿದ್ದಳು. ಗೆಲುವಾಗಿಡಿ ಎಂದರೆ ಅಳಿಸಿ ಕೂರಿಸಿದೆ. ಮೂರನೆಯ ಜಾಡಿಗೆ ಕೈ ಹಾಕುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ನಾಗಲಮಡಿಕೆ ಪಕ್ಕದ ಹಳ್ಳಿಯಿಂದ ನಮ್ಮತ್ತೆ ಬಂದರು. ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಕಡೆ ಹಳೇ ಕಾಲದ ಅತ್ತೆಯರು ಅಳಿಯನ ಎದುರು ನಿಲ್ಲುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಏನಿದ್ದರೂ ಮಗಳ ಮೂಲಕ. ಈಗ ಮಗಳು ಗೋಡೆಯ ಕಡೆ ತಿರುಗಿದ್ದಾಳೆ, ಮನೆಯಲ್ಲಿ ಮತ್ತೊಬ್ಬರಿಲ್ಲ. ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ನಡುಮನೆಯ ಕಂಬವನ್ನೇ ಮಧ್ಯಸ್ಥನನ್ನಾಗಿ ಹಿಡಿದರು. "ಕಂಬಪ್ಪಾ, ಅಳಿಯಂದ್ರು ಉಂಡ್ರೇನೋ ಕೇಳು" ಎನ್ನುತ್ತಿದ್ದರು. ನಾನೂ ಕಂಬಕ್ಕೇ, "ಆಯ್ತು, ಅವರೂ ಉಣ್ಲಿ ಅಂತ ಹೇಳಪ್ಪಾ" ಎನ್ನುತ್ತಿದ್ದೆ. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತು ಕೇಳಿಸಿಕೊಂಡದ್ದು ಆ ಕಂಬವೇ.

ಬಂದ ಮಾರನೆಯ ಬೆಳಿಗ್ಗೆ ಅತ್ತೆ ಮಗಳ ತಲೆ ಸವರುತ್ತ ಊರ ಸುದ್ದಿ ಹೇಳುತ್ತಿದ್ದರು. ನಾನು ಕಂಬದ ಈಚೆ ಕೂತು ಪೇಪರ್ ಓದುತ್ತಿದ್ದೆ. "ಆ ಗಂಟೆ ಟಗರಿಗೆ ವಯಸ್ಸಾಯ್ತು ಕಣಮ್ಮಾಯಿ. ಇವತ್ತಿಗೂ ಬಸ್ಸಿನ ಹಾರನ್ ಕೇಳುದ್ರೆ ಸಾಕು, ರಸ್ತೆ ಕಡೀಕೆ ಕತ್ತು ತಿರುಗುಸ್ತದೆ" ಎಂದರು. ಈರಕ್ಕನ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡು ನಾನು ಎದ್ದು ನಿಂತೆ. ಅಳುತ್ತಿರಲಿಲ್ಲ. ಎಷ್ಟೋ ದಿನಗಳ ಮೇಲೆ ಗೋಡೆ ಬಿಟ್ಟು ಈ ಕಡೆ ತಿರುಗಿದಳು. ತುಟಿಯ ಮೂಲೆಯಲ್ಲೊಂದು ನಗು ಇತ್ತು. "ಹೇಳವ್ವಾ, ಮೊದ್ಲಿಂದ ಹೇಳು" ಎಂದಳು. ಅಯ್ಯೋ, ಬೇಡಪ್ಪಾ ಎಂದು ನನ್ನ ಒಳಜೀವ ಕೂಗಿತು. ಯಾಕೆಂದರೆ ನಾನು ಯಾವ ಜಾಡಿಗೂ ಹಾಕದೆ ಹೂತು ಹಾಕಿದ್ದ ದಿನವೊಂದಿದ್ದರೆ ಅದೇ.

"ಮದ್ವೆಯಾಗಿ ಮೊದಲ್ನೇ ಸಲ ಅಳಿಯಂದ್ರು ಬಂದಿದ್ರಾ," ಅತ್ತೆ ಶುರು ಮಾಡಿದರು. "ನಿಮ್ಮಪ್ಪ ಕುರಿ ಹಟ್ಟಿಗೆ ಕರ್ಕೊಂಡೋಗಿ, ‘ಇಷ್ಟ ಬಂದಿದ್ದು ಮುಟ್ಟಪ್ಪಾ’ ಅಂದ್ರು. ಮುಟ್ಟಿ ಬುಟ್ರೆ ಆಯ್ತು. ಕುರಿ ನಮ್ ಹಟ್ಟೀಲೇ ಇರ್ತದೆ, ಅದು ಹಾಕೋ ಮರಿಯೆಲ್ಲಾ ಮಗಳ ಹೆಸ್ರಿಗೆ. ಇವ್ರು ಮುಟ್ಟಿದ್ದೇನು? ಮರಿ ಹಾಕೋ ಕುರೀನಾ? ಟಗರು! ಅದೂ ಮಂದೇಗೆಲ್ಲ ದಾರಿ ತೋರ್ಸೋ ಗಂಟೆ ಟಗರು!"

ನಮ್ಮಜ್ಜ ಕುರಿ ಕಾಯ್ದವರು ನಿಜ. ಆದರೆ ನಮ್ಮಪ್ಪ ಕೊರಟಗೆರೆಯಲ್ಲಿ ಮೇಷ್ಟ್ರಾಗಿ, ನಾನು ಗುಮಾಸ್ತನಾಗಿ, ಕುರಿಯ ವಿಚಾರ ನಮ್ಮ ಮನೆಯಿಂದ ಪೂರ್ತಿ ಅಳಿಸಿಹೋಗಿತ್ತು. "ಕಂಬಪ್ಪಾ," ಎಂದೆ, "ಗಂಟೆ ಕಟ್ಟಿದ್ರಲ್ಲ, ಹಾಗಾಗಿ ಅದೇ ನನಗೆ ಅಂತ ಇಟ್ಟಿರೋದು ಅಂದ್ಕೊಂಡೆ ಅಂತ ಹೇಳು."

"ಮುಟ್ಟಿದ್ದು ಸಾಲ್ದು ಅಂತ ಹಗ್ಗ ಬೇರೆ ಕೇಳುದ್ರು ಕಣಪ್ಪಾ!" ಅತ್ತೆಯೂ ಕಂಬದ ಕಡೆ ತಿರುಗಿದರು. "ಹೊಸ ಅಳಿಯ, ಮೊದಲ್ನೇ ಸಲ ಬಂದೋರು, ಬ್ಯಾಡ ಅನ್ನಕ್ಕಾಯ್ತದಾ? ಹಗ್ಗ ಕೊಟ್ವಿ. ಟೆರಿಲಿನ್ ಪ್ಯಾಂಟು, ಹೊಸಾ ಷೂ, ಕೈಲಿ ಟಗರು. ಬಸ್ಸಿಗೆ ಹೊಂಟ್ರು."

"ಷೂ ಹೊಸದಲ್ಲ, ಪಾಲಿಶ್ ಮಾಡಿದ್ದು" ಎಂದು ಕಂಬಕ್ಕೆ ತಿದ್ದುಪಡಿ ಸಲ್ಲಿಸಿದೆ. ಯಾರೂ ಗಮನಿಸಲಿಲ್ಲ.

ಆಮೇಲೆ ಆದದ್ದನ್ನು ನಾನೇ ಹೇಳಿಬಿಡುತ್ತೇನೆ. ನಾನು ಗಂಟೆ ಟಗರನ್ನು ಹಿಡಿದು ಗಂಭೀರವಾಗಿ ರಸ್ತೆಯ ಕಡೆ ನಡೆದೆ. ಹಿಂದಿನಿಂದ ಅತ್ತೆ, "ಲೇ ಟಗರೇ, ನೀ ಮುಂದೆ ಹೋದ್ರೆ ಮಿಕ್ಕೋರು ಸುಮ್ಕಿರ್ತಾರೇನ್ಲಾ? ಯಾರಾದ್ರೂ ಒಂದ್ಸಲ ತಿರುಗಿ ನೋಡ್ಬಾರ್ದೇನ್ಲಾ!" ಎಂದು ಕೂಗುತ್ತಲೇ ಬರುತ್ತಿದ್ದರು. ಸಾಕಿದ ಪ್ರಾಣಿಯನ್ನು ಕಳಿಸಿಕೊಡಲು ಎಷ್ಟು ಸಂಕಟಪಡುತ್ತಿದ್ದಾರೆ ಪಾಪ ಎಂದುಕೊಂಡೆ. ತಿರುಗಿ ನೋಡಿದರೆ ಅವರ ಅಳು ಜಾಸ್ತಿಯಾದೀತೆಂದು ತಿರುಗಲಿಲ್ಲ. ಬಸ್ಸು ಬಂದು ನಿಂತಿತು. ಕಂಡಕ್ಟರ್ ಇಳಿದು, ನನ್ನನ್ನೊಮ್ಮೆ ನೋಡಿ, ನನ್ನ ಹಿಂದೆ ತುಂಬ ಹೊತ್ತು ನೋಡಿ, "ಸಾರ್, ಎಲ್ಲಾರ್ಗೂ ಟಿಕೆಟ್ ನೀವೇ ತಗೋತೀರಾ?" ಎಂದ. ಆಗ ತಿರುಗಿದೆ. ಮಾವನ ಹಟ್ಟಿಯ ಇಡೀ ಮಂದೆ ರಸ್ತೆ ತುಂಬ ನಿಂತಿತ್ತು. ಅದರ ಹಿಂದೆ ಮಾವ, ಅತ್ತೆ, ಈರಕ್ಕ, ಅರ್ಧ ಊರು. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಡ್ರೈವರ್ ಉತ್ಸಾಹದಿಂದ ಹಾರನ್ ಹೊಡೆದ. ಕುರಿಗಳು ಬೆದರಿ ನನ್ನ ಸುತ್ತ ಒತ್ತಿಕೊಂಡವು, ನಾನು ಸೊಂಟದವರೆಗೆ ಕುರಿಗಳಲ್ಲಿ ಹೂತುಹೋದೆ.

ಅತ್ತೆಯ ಬಾಯಲ್ಲಿ ಇದು ಮುಗಿಯುವಷ್ಟರಲ್ಲಿ ಈರಕ್ಕ ನಕ್ಕು ನಕ್ಕು ಕೆಮ್ಮುತ್ತಿದ್ದಳು. ಕೆಮ್ಮು ನಿಲ್ಲಲೆಂದು ಅತ್ತೆ ಬಟ್ಟಲನ್ನು ಬಾಯಿಗಿಟ್ಟರು. ಅವಳು ಗಂಜಿ ಕುಡಿದಳು, ಅರ್ಧ ಬಟ್ಟಲು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಕಣ್ಣೊರೆಸಿಕೊಳ್ಳುವುದನ್ನು ಕಂಬ ನೋಡಿದರೆ ನೋಡಲಿ, ಅತ್ತೆ ನೋಡುವುದು ಬೇಡ ಅನ್ನಿಸಿತು.

ಅಂದಿನಿಂದ ಹೊತ್ತು ಹೊತ್ತಿಗೂ ಅದೇ ಕಥೆ. ಟಗರಿಲ್ಲದೆ ಗಂಜಿ ಇಳಿಯುತ್ತಿರಲಿಲ್ಲ. ಹೇಳಿದಷ್ಟೂ ಮಂದೆ ದೊಡ್ಡದಾಗುತ್ತ ಹೋಯಿತು. ಅಕ್ಕಪಕ್ಕದ ಹಳ್ಳಿಯ ಮೇಕೆಗಳೂ ಬಂದು ಸೇರಿಕೊಂಡವು. ನನ್ನ ಷೂ ಮೊದಲು ಹೊಸದಾಯಿತು, ಆಮೇಲೆ ಅದಕ್ಕೆ ಕುರಿ ಹಿಕ್ಕೆ ಮೆತ್ತಿಕೊಂಡಿತು, ಕೊನೆಗೆ ಒಂದು ಕಾಲಿನದು ಕಳೆದೇ ಹೋಯಿತು. ನಾನು ತಿದ್ದುಪಡಿ ನಿಲ್ಲಿಸಿದೆ.

ಮಳೆ ಬಿದ್ದು ಊರಲ್ಲಿ ಕಡಲೇಕಾಯಿ ಬಿತ್ತನೆ ಶುರುವಾಯಿತೆಂದು ಅತ್ತೆ ಹೊರಟುಬಿಟ್ಟರು. ಹೋಗುವಾಗ, "ಕಂಬಪ್ಪಾ, ಇನ್ನು ಅಳಿಯಂದ್ರದ್ದೇ ಜವಾಬ್ದಾರಿ" ಎಂದು ಹೇಳಿ ಹೋದರು. ಆ ಮಧ್ಯಾಹ್ನ ನಾನು ಬಟ್ಟಲು ಹಿಡಿದು ಕೂತೆ. ಈರಕ್ಕ ಬಾಯಿ ಬಿಗಿದು, "ನೀವೇ ಹೇಳಿ" ಎಂದಳು. ಹೇಳಿದೆ. ಅವಳು ಒಂದು ತುತ್ತು ಜಾಸ್ತಿ ನುಂಗಲಿ ಎಂಬ ಆಸೆಗೆ ಕಂಡಕ್ಟರ್ ನನಗೆ ಅರ್ಧ ಟಿಕೆಟ್ ಕೊಟ್ಟ ಎಂದೆ. ಟಗರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು, ನನ್ನನ್ನು ಬಸ್ಸಿನ ಟಾಪಿಗೆ ಹತ್ತಿಸಿದರು ಎಂದೆ. ಬಟ್ಟಲು ಖಾಲಿಯಾಯಿತು.

ಬಾಯಿ ಒರೆಸಿಕೊಂಡು ಅವಳು ಹೇಳಿದಳು: "ಮದ್ವೆಯಾದಾಗ ನಿಮ್ಮನ್ನ ಕಂಡ್ರೆ ನಂಗೆ ಭಯ ಕಣ್ರೀ. ಪ್ಯಾಂಟು, ಷೂ, ಬೆಳಗೆದ್ರೆ ಪೇಪರು. ಇವ್ರ ಜತೆ ಹೆಂಗಪ್ಪಾ ಬಾಳೋದು ಅಂತ ಒಳಗೊಳಗೇ ಅಳ್ತಿದ್ದೆ. ಅವತ್ತು ಕುರಿ ಮಧ್ಯ ಪಿಳಿಪಿಳಿ ಕಣ್ಬಿಟ್ಕೊಂಡು ನಿಂತಿದ್ರಲ್ಲ, ‘ಅಯ್ಯೋ, ಇವ್ರಿಗೂ ಏನೂ ಗೊತ್ತಿಲ್ಲ’ ಅನ್ನಿಸ್ಬುಡ್ತು. ಇವ್ರ ಜತೆ ಹೆಂಗೋ ಬದುಕ್ಬೋದು ಅಂತ ಧೈರ್ಯ ಬಂತು. ಅಷ್ಟು ಖುಷಿ ನಂಗೆ ಯಾವತ್ತೂ ಆಗಿರ್ಲಿಲ್ಲ."

ಬಟ್ಟಲು ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಕೆಲವು ದಿನಗಳ ಮೇಲೆ ಡಾಕ್ಟರು, "ಇನ್ನು ಏನ್ ಬೇಕಾದ್ರೂ ತಿನ್ನಬಹುದು" ಎಂದರು. ಈರಕ್ಕ ಮುದ್ದೆ ಬೇಕು ಎಂದಳು. ನಾನೇ ಎಸರಿಟ್ಟು, ಕೋಲು ಹಿಡಿದು ತೊಳಸಿದೆ. ಬಂದದ್ದು ಮುದ್ದೆಯಲ್ಲ, ಒಳಗೆಲ್ಲ ಹಸಿ ಹಿಟ್ಟಿನ ಗಂಟುಗಳಿದ್ದ ಒಂದು ಬೆಣಚುಕಲ್ಲು. ಅವಳು ಮುರಿದು ನೋಡಿದಳು, ನನ್ನನ್ನು ನೋಡಿದಳು, ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ಸಾರಿನಲ್ಲಿ ಅದ್ದಿಕೊಂಡು ಪೂರ್ತಿ ತಿಂದಳು. ಅವಳನ್ನು ನಗಿಸಲು ಬೇಕೆಂದೇ ಗಂಟು ಮಾಡಿದೆ ಎಂದು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ನಂಬುವವಳು ಅವಳೊಬ್ಬಳೇ, ಅದೂ ನಂಬಿದಂತೆ ನಟಿಸುತ್ತಾಳೆ.