ಗುಮಾಸ್ತರ ಎಡಗಣ್ಣು

ಬೆಳಿಗ್ಗೆ ಹಲ್ಲುಜ್ಜುವಾಗ ಅದುರಲು ಶುರುಮಾಡಿದ ಎಡಗಣ್ಣು ಗ್ರಂಥಾಲಯದ ಬಾಗಿಲು ತೆರೆದ ಮೇಲೂ ನಿಂತಿರಲಿಲ್ಲ. ಪುಸ್ತಕ ಕೊಡುವ ಗುಮಾಸ್ತರು ಇಪ್ಪತ್ತೆರಡು ವರ್ಷಗಳಿಂದ ತಲೆಯೆತ್ತಿ ಯಾರನ್ನೂ ದಿಟ್ಟಿಸಿದವರಲ್ಲ. ಅಂಥವರ ರೆಪ್ಪೆ ಇವತ್ತು ಕೆಟ್ಟ ಟ್ಯೂಬ್‌ಲೈಟಿನಂತೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಮೊದಲು ಕಂಡುಹಿಡಿದವನು ಹರಿದ ಪುಸ್ತಕ ಹೊಲಿಯುವ ಬೈಂಡರ್.

"ಇದು ಮೆಗ್ನೀಸಿಯಂ ಕಮ್ಮಿ ಸಾರ್. ನಮ್ಮ ಭಾವನಿಗೂ ಹೀಗೇ ಆಗಿತ್ತು," ಎಂದು ಜೇಬಿನಿಂದ ಒಂದು ಹಿಡಿ ಕುಂಬಳ ಬೀಜ ಸುರಿದ. ಅಂಟಿನ ವಾಸನೆ. ಬೇಡ ಎನ್ನಲು ದಾಕ್ಷಿಣ್ಯ. ಗುಮಾಸ್ತರು ಅಗಿದರು.

ಬೀಜ ಗಂಟಲಿಳಿಯುವಷ್ಟರಲ್ಲಿ ಗ್ರಂಥಾಲಯದ ಮುಖ್ಯಸ್ಥೆ ಬಂದರು. ಗುಮಾಸ್ತರು ಎದ್ದು ನಿಂತರು; ಕಣ್ಣು ತನ್ನ ಪಾಡಿಗೆ ತಾನು ಹೊಡೆಯಿತು.

"ಏನ್ರೀ ಇದು, ಈ ವಯಸ್ಸಲ್ಲಿ?"

"ನಾನಲ್ಲ ಮೇಡಂ, ಮೆಗ್ನೀಸಿಯಂ!"

ವಿಷಯ ತಿಳಿದು ಮೇಡಂ ಕರಗಿಹೋದರು. "ಅದಲ್ಲ ರೀ, ಕ್ಯಾಲ್ಸಿಯಂ ಇಲ್ಲ ನಿಮಗೆ." ತಮ್ಮ ಊಟದ ಡಬ್ಬಿಯ ಮೊಸರು, ಹುರಿದ ಎಳ್ಳು ಎರಡನ್ನೂ ಖಾಲಿ ಮಾಡಿಸಿಯೇ ಬಿಟ್ಟರು.

ಮಧ್ಯಾಹ್ನ ಜಿಮ್ ಮಾಸ್ಟರು ಹೆಂಡತಿಯ ಜೊತೆ ಬಂದರು. ಬೀರುವಿನಷ್ಟು ಅಗಲದ ಆಳು. ಆಕೆಯ ಪುಸ್ತಕಕ್ಕೆ ಮುದ್ರೆ ಒತ್ತುವಾಗ ಕಣ್ಣು ಒಂದಲ್ಲ, ಮೂರು ಸಲ ಹೊಡೆಯಿತು. ಮಾಸ್ಟರು ಕಾಲರ್ ಹಿಡಿದು ಎತ್ತಿದರು. ಗುಮಾಸ್ತರ ಒಂದು ಚಪ್ಪಲಿ ಕೆಳಗೇ ಉಳಿಯಿತು.

"ಬಿಡಿ ಸಾರ್, ಅವರಿಗೆ ಖನಿಜ ಕಮ್ಮಿ!" ಎಂದು ಬೈಂಡರ್ ಕೂಗಿದ.

ಹಿಡಿತ ಸಡಿಲವಾಯಿತು. "ಮೊದಲೇ ಹೇಳಬಾರದಾ ಅಣ್ಣಾ? ಜಿಂಕ್ ಬೇಕು ನಿಮಗೆ. ಪೊಟ್ಯಾಷಿಯಂ ಕೂಡ." ನೆನೆಸಿದ ಕಡಲೆ ಒಂದು ಡಬ್ಬಿ, ಬಾಳೆಹಣ್ಣು ಆರು. ಮಾಸ್ಟರು ಎದುರಿಗೇ ನಿಂತು ತಿನ್ನಿಸಿದರು.

ಸಂಜೆ ಐದಕ್ಕೆ ಕಣ್ಣು ಸುಮ್ಮನಾಯಿತು. ಯಾರ ಖನಿಜದಿಂದ ಎಂದು ಉಳಿದವರು ವಾದಕ್ಕಿಳಿದಾಗ ಗುಮಾಸ್ತರು ಹೊಟ್ಟೆ ಹಿಡಿದುಕೊಂಡು ಮನೆಯ ದಾರಿ ಹಿಡಿದರು.

ಬಾಗಿಲಲ್ಲಿ ಹೆಂಡತಿ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ನೀಲಿ ಸೀರೆ ಉಟ್ಟಿದ್ದರು. ಮೇಜಿನ ಮೇಲೆ ನಾಲ್ಕು ಬಗೆಯ ಅಡುಗೆ.

"ಏನೇ ವಿಶೇಷ?"

ಆಕೆ ನೆಲ ನೋಡಿದರು. "ಬೆಳಿಗ್ಗೆ ಹೊರಡೋವಾಗ ತಿರುಗಿ ಕಣ್ಣು ಹೊಡೆದ್ರಲ್ಲ... ಮದುವೆಯಾದಾಗಿಂದ ಇದೇ ಮೊದಲು. ಇಡೀ ದಿನ ಒಬ್ಬಳೇ ನಗ್ತಾ ಇದ್ದೆ ಕಣ್ರೀ."

ನಾಲಿಗೆಯ ತುದಿಗೆ ಬಂದಿದ್ದ ಮೆಗ್ನೀಸಿಯಂ ಅನ್ನು ಗುಮಾಸ್ತರು ನುಂಗಿಕೊಂಡರು.

"ಇನ್ನೊಂದ್ಸಲ ಹೊಡೀರಿ, ನೋಡೋಣ."

ಗುಮಾಸ್ತರು ಪ್ರಯತ್ನಿಸಿದರು. ಎರಡೂ ಕಣ್ಣು ಒಟ್ಟಿಗೆ ಮುಚ್ಚಿಕೊಂಡವು. ಮತ್ತೆ ಪ್ರಯತ್ನಿಸಿದರು. ಬಾಯಿ ಸೊಟ್ಟಗಾಯಿತು, ಕಿವಿ ಅಲುಗಿತು, ಎಡಗಣ್ಣು ಮಾತ್ರ ಜಪ್ಪಯ್ಯ ಅಂದರೂ ಹೊಡೆಯಲಿಲ್ಲ.

ಹೆಂಡತಿ ನಕ್ಕು ಕೈಹಿಡಿದು ಕೂರಿಸಿದರು. "ಪಾಪ, ಹಸಿದು ಸುಸ್ತಾಗಿದ್ದೀರಿ." ತಟ್ಟೆಯ ತುಂಬ ಬಡಿಸಿದರು. "ಇದೆಲ್ಲಾ ತಿಂದು, ಶಕ್ತಿ ಬಂದ ಮೇಲೆ ಹೊಡೀರಂತೆ."

ಗುಮಾಸ್ತರು ಸೊಂಟದ ಬೆಲ್ಟು ಎರಡು ತೂತು ಸಡಿಲಿಸಿ, ಮೊದಲ ತುತ್ತಿಗೆ ಕೈ ಹಾಕಿದರು.